ಮಾರುವವನ ಮೌನ

ಮಾರುವ ವಸ್ತುವಿನಲ್ಲಿರುವ ದೋಷವನ್ನು ಕೊಳ್ಳುವವನು ಕೇಳದಿದ್ದರೂ ತಿಳಿಸಬೇಕೇ? ಕೇಳದಿದ್ದುದನ್ನು ಹೇಳದೆ ಉಳಿದರೆ ಅದು ಅಸತ್ಯದ ದೋಷಕ್ಕೆ ಎಡೆಯಾಗುವುದೇ? ಈ ಪ್ರಶ್ನೆ ವರ್ತಕರಿಗೆ ಮಾತ್ರ ಸಂಬಂಧಿಸಿದ್ದೆಂದು ನಮ್ಮಲ್ಲಿ ಅನೇಕರ ಭಾವನೆ. ಆದರೆ ಉದ್ಯೋಗನಿಮಿತ್ತ ಮುಂಬಯಿಯಿಂದ ಪುಣೆಗೆ, ಪುಣೆಯಿಂದ ಹೈದರಾಬಾದಿಗೆ, ಅಲ್ಲಿಂದ ದೆಹಲಿಗೆ ಸಂಸಾರವನ್ನು ಸಾಗಿಸುವ ಕುಟುಂಬಗಳು ಪ್ರತಿ ವರ್ಗಾವಣೆಯಲ್ಲಿಯೂ ಕೆಲವು ದಿನಗಳ ಮಟ್ಟಿಗೆ ವರ್ತಕರೇ ಆಗುತ್ತವೆ. ಬೀರು, ಮಂಚ, ಫ್ರಿಜ್, ಗ್ರೈಂಡರ್, ಮಗುವಿನ ಸೈಕಲ್ ಇವೆಲ್ಲವನ್ನೂ ಮಾರಬೇಕಾಗುತ್ತದೆ. ಹಿಂದೆ ಈ ಕೆಲಸ ನೆರೆಹೊರೆಯಲ್ಲಿ ಅಥವಾ ಗುಜರಿಯವನ ಬಳಿ ಮುಗಿಯುತ್ತಿತ್ತು. ಈಗ ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ವಸತಿಸಂಕೀರ್ಣದ ವಾಟ್ಸಾಪ್ ಗುಂಪು ಇವುಗಳಲ್ಲಿ ನಾಲ್ಕು ಚಿತ್ರ ಹಾಕಿ, ಎಂಟು ಸಾಲು ಬರೆದು, ಅಪರಿಚಿತನಿಗೆ ಮಾರುವುದೇ ರೂಢಿ. ಆ ಎಂಟು ಸಾಲುಗಳು ಹೇಗಿರಬೇಕೆಂಬುದೇ ಪ್ರಸ್ತುತ ವಿಚಾರ.

ಮೊದಲು ಕಾನೂನು ಏನೆನ್ನುತ್ತದೆಂದು ನೋಡೋಣ. 1872ರ ಭಾರತೀಯ ಕರಾರು ಕಾಯಿದೆಯ 17ನೆಯ ಕಲಮು ವಂಚನೆಯ ಲಕ್ಷಣವನ್ನು ಹೇಳಿ, ಕೇವಲ ಮೌನ ವಂಚನೆಯಲ್ಲವೆಂದು ವಿವರಿಸುತ್ತದೆ. ಅಲ್ಲಿ ಕುದುರೆಯ ಉದಾಹರಣೆಯಿದೆ. ರೋಗಿಷ್ಠವೆಂದು ತನಗೆ ಗೊತ್ತಿರುವ ಕುದುರೆಯನ್ನು ಒಬ್ಬನು ಹರಾಜಿನಲ್ಲಿ ಮಾರುತ್ತಾನೆ, ಏನನ್ನೂ ಹೇಳುವುದಿಲ್ಲ. ಇದು ವಂಚನೆಯಲ್ಲ. ಆದರೆ ಕೊಳ್ಳುವವಳು ಈಗಷ್ಟೇ ಪ್ರಾಪ್ತವಯಸ್ಕಳಾದ ಅವನ ಮಗಳೇ ಆಗಿದ್ದರೆ, ಸಂಬಂಧದ ಬಲದಿಂದಲೇ ಹೇಳುವುದು ಕರ್ತವ್ಯವಾಗುತ್ತದೆ. ಇನ್ನು ಕೊಳ್ಳುವವನು "ನೀವು ಅಲ್ಲಗಳೆಯದಿದ್ದರೆ ಕುದುರೆ ಚೆನ್ನಾಗಿದೆಯೆಂದೇ ತಿಳಿಯುತ್ತೇನೆ" ಎಂದಾಗ ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮಾನ. ಹೀಗೆ ಒಂದೇ ಕುದುರೆ, ಒಂದೇ ಮೌನ. ಎದುರಿನಲ್ಲಿರುವವರು ಯಾರು, ಅವರು ಯಾವುದನ್ನು ನಂಬಿ ನಿಂತಿದ್ದಾರೆ ಎಂಬುದರಿಂದ ಅದರ ಸ್ವರೂಪವೇ ಬದಲಾಗುತ್ತದೆ.

ಹರಾಜಿನಲ್ಲಿ ಮೌನಕ್ಕೆ ಅವಕಾಶ ದೊರೆತುದಕ್ಕೆ ಒಂದು ಕಾರಣವನ್ನು ಊಹಿಸಬಹುದು. ಅಲ್ಲಿ ಕುದುರೆ ಕಣ್ಣೆದುರಿಗೆ ನಿಂತಿದೆ. ಕೊಳ್ಳುವವನು ಅದರ ಹಲ್ಲು ನೋಡಬಹುದು, ಗೊರಸು ಎತ್ತಿ ನೋಡಬಹುದು, ನಾಲ್ಕು ಹೆಜ್ಜೆ ನಡೆಸಬಹುದು. ಮುಂಬಯಿಯ ಚೋರ್ ಬಜಾರ್, ಪುಣೆಯ ಜುನಾ ಬಜಾರ್, ಹೈದರಾಬಾದಿನ ಜುಮೇರಾತ್ ಬಜಾರ್, 1985ರಲ್ಲಿ ಬೆಂಕಿಗೆ ಆಹುತಿಯಾದ ಮದರಾಸಿನ ಮೂರ್ ಮಾರ್ಕೆಟ್ ಇವೆಲ್ಲವೂ ನಡೆದದ್ದು ಕೊಳ್ಳುವವನ ಕಣ್ಣು ಮತ್ತು ಕೈಗಳ ಆಧಾರದ ಮೇಲೆ. ರೈಲ್ವೆಯೂ ತನಗೆ ಬೇಡವಾದ ಸಾಮಗ್ರಿಯನ್ನು ಹರಾಜಿನಲ್ಲಿ "ಇದ್ದಲ್ಲಿ, ಇದ್ದಂತೆ" ಎಂಬ ಷರತ್ತಿನ ಮೇಲೆಯೇ ಮಾರುತ್ತದೆ. ಆದರೆ ಅದಕ್ಕೆ ಮುನ್ನ ಬಂದು ಪರೀಕ್ಷಿಸಲು ಅವಕಾಶವಿರುತ್ತದೆ. ಪರೀಕ್ಷೆಗೆ ಅವಕಾಶವಿರುವುದರಿಂದಲೇ ಆ ಷರತ್ತು ನ್ಯಾಯವೆನಿಸುತ್ತದೆ.

ನಮ್ಮ ಸ್ಮೃತಿಕಾರರೂ ಇದೇ ಮಾರ್ಗದಲ್ಲಿ ಆಲೋಚಿಸಿದ್ದಾರೆ. ಯಾಜ್ಞವಲ್ಕ್ಯಸ್ಮೃತಿಯು ಕೊಂಡ ವಸ್ತುವನ್ನು ಪರೀಕ್ಷಿಸಲು ಕಾಲಾವಧಿಯನ್ನು ಗೊತ್ತುಪಡಿಸುತ್ತದೆ: ಬೀಜಕ್ಕೆ 10 ದಿನ, ಕಬ್ಬಿಣಕ್ಕೆ 1 ದಿನ, ಹೊರೆ ಹೊರುವ ಪ್ರಾಣಿಗೆ 5 ದಿನ, ರತ್ನಕ್ಕೆ 7 ದಿನ, ಕರೆಯುವ ಹಸುವಿಗೆ 3 ದಿನ. ದೋಷ ಹೊರಬೀಳಲು ಯಾವ ವಸ್ತುವಿಗೆ ಎಷ್ಟು ಕಾಲ ಬೇಕೋ ಅಷ್ಟು ಅವಧಿ. ದೋಷವುಳ್ಳದ್ದನ್ನು ನಿರ್ದೋಷವೆಂಬಂತೆ ಮಾರಿದವನಿಗೆ ಬೆಲೆಯ ಎರಡರಷ್ಟು ದಂಡವನ್ನೂ ಅದೇ ಸ್ಮೃತಿ ವಿಧಿಸುತ್ತದೆ. ನಾರದಸ್ಮೃತಿಯಾದರೋ, ಉಟ್ಟು ಮಾಸಿದ ಹಳೆಯ ವಸ್ತ್ರವನ್ನು ಕೊಂಡವನು ದೋಷವಿದ್ದರೂ ಮಾರಿದವನಿಗೆ ಹಿಂದಿರುಗಿಸುವಂತಿಲ್ಲವೆನ್ನುತ್ತದೆ. ಮೇಲ್ನೋಟಕ್ಕೆ ಇದು ಮಾರುವವನ ಪಕ್ಷಪಾತದಂತೆ ತೋರುವುದು. ಆದರೆ ಹಳೆಯದು ಹಳೆಯದೆಂದು ಕಣ್ಣಿಗೆ ಕಾಣುತ್ತಿರುವಾಗ ತಿಳಿದೇ ಕೊಂಡಂತಾಯಿತಷ್ಟೆ.

ಈಗ ಮೊಬೈಲಿನ ಪರದೆಗೆ ಬರೋಣ. ಕೊಳ್ಳುವವನಿಗೆ ವಸ್ತು ಪ್ರತ್ಯಕ್ಷವಾಗಿಲ್ಲ. ಅವನು ತಟ್ಟಿ ನೋಡಲಾರ, ಮೂಸಿ ನೋಡಲಾರ. ನಾವು ಬರೆದ ಮಾತು, ನಾವು ಆರಿಸಿದ ಚಿತ್ರ ಇವೆರಡೇ ಅವನಿಗೆ ಗತಿ. ಅವುಗಳನ್ನು ನಂಬಿ ಅವನು ಡೊಂಬಿವಲಿಯಿಂದ ದಾದರಿಗೆ ಟೆಂಪೊ ಹಿಡಿದು ಬರುತ್ತಾನೆ. ಬಂದ ಮೇಲೆ ಟೆಂಪೊ ಬಾಡಿಗೆಗೆ ಹೆದರಿ, ಒಲ್ಲದ ಮನಸ್ಸಿನಿಂದಲೇ ಕೊಳ್ಳುತ್ತಾನೆ. ಅಂದರೆ ಪ್ರತ್ಯಕ್ಷದ ಸ್ಥಾನದಲ್ಲಿ ಶಬ್ದ ನಿಂತಿದೆ. ಮಾರುವವನ ನಾಲಿಗೆಯೇ ಕೊಳ್ಳುವವನ ಕಣ್ಣಾಗಿದೆ. ಆದುದರಿಂದ ಸಂತೆಯಲ್ಲಿ ಸಲ್ಲುವ ಮೌನ ಇಲ್ಲಿ ಸಲ್ಲದು. ಕುದುರೆಯ ಉದಾಹರಣೆಯ ಮೂರನೆಯ ಕೊಳ್ಳುವವನಂತೆ, "ನೀವು ಅಲ್ಲಗಳೆಯದಿದ್ದರೆ ಚೆನ್ನಾಗಿದೆಯೆಂದು ತಿಳಿಯುತ್ತೇನೆ" ಎಂದು ಇಲ್ಲಿ ಪ್ರತಿಯೊಬ್ಬನೂ ಹೇಳದೆಯೇ ಹೇಳುತ್ತಿದ್ದಾನೆ. ಈ ಲೇಖನದ ಸಿದ್ಧಾಂತ ಇಷ್ಟೇ.

ಶಬ್ದ ಪ್ರಮಾಣವಾಗಬೇಕಾದರೆ ಅದು ನಿರ್ದೋಷವಾಗಿರಬೇಕೆಂಬುದು ವಾಚಕರಿಗೆ ತಿಳಿದ ವಿಷಯ. ಶ್ರೀ ಜಯತೀರ್ಥರ ಪ್ರಮಾಣಪದ್ಧತಿಯಲ್ಲಿ ಶಬ್ದದೋಷಗಳ ಪರಿಗಣನೆಯಿದೆ. ಆ ಮಹಾಗ್ರಂಥದ ಪ್ರಯೋಜನ ಬೇರೆಯೇ ಆದರೂ, ಆ ದೋಷಗಳಲ್ಲಿ ನಾಲ್ಕು ನಮ್ಮ ಬೀರು-ಮಂಚಗಳ ಜಾಹೀರಾತಿಗೂ ಅಚ್ಚುಕಟ್ಟಾಗಿ ಒಪ್ಪುತ್ತವೆ.

ಮೊದಲನೆಯದು ಅಬೋಧಕತ್ವ, ಎಂದರೆ ಏನನ್ನೂ ತಿಳಿಸದಿರುವುದು. "ಬೀರು ಮಾರಾಟಕ್ಕಿದೆ, ಆಸಕ್ತರು ಸಂಪರ್ಕಿಸಿ" ಎಂಬುದು ಇದಕ್ಕೆ ನಿದರ್ಶನ. ಎರಡನೆಯದು ವಿಪರೀತಬೋಧಕತ್ವ, ಇದ್ದುದಕ್ಕೆ ವಿರುದ್ಧವಾದುದನ್ನು ತಿಳಿಸುವುದು. ಎಂಟು ವರ್ಷ ಬಳಸಿದ್ದನ್ನು "ಹೊಸದರಂತಿದೆ" ಎನ್ನುವುದು, ಸ್ವಂತ ವಸ್ತುವಿನ ಚಿತ್ರದ ಬದಲು ಕಂಪನಿಯ ಚಿತ್ರವನ್ನೇ ಹಾಕುವುದು ಈ ಜಾತಿಯವು. ಮೂರನೆಯದು ಜ್ಞಾತಜ್ಞಾಪಕತ್ವ, ತಿಳಿದದ್ದನ್ನೇ ತಿಳಿಸುವುದು: ಫ್ರಿಜ್ ಹಾಲನ್ನು ಕೆಡದಂತೆ ಕಾಪಾಡುತ್ತದೆ ಎಂಬ ವರ್ಣನೆ. ನಾಲ್ಕನೆಯದು ನಿಷ್ಪ್ರಯೋಜನತ್ವ: ಈ ಗ್ರೈಂಡರಿನಲ್ಲಿ ನಮ್ಮ ಮಾವನವರ ಷಷ್ಟ್ಯಬ್ದಿಗೆ ಹಿಟ್ಟು ರುಬ್ಬಿದೆವೆಂಬ ಕಥನ.

ಈ ನಾಲ್ಕನ್ನೂ ಕಳೆದರೆ ಉಳಿಯುವ ವಿವರಣೆ ಹೀಗಿರಬಹುದು: "ಉಕ್ಕಿನ ಬೀರು, ಎರಡು ಬಾಗಿಲು, 2011ರಲ್ಲಿ ಕೊಂಡದ್ದು. ಎತ್ತರ 78 ಅಂಗುಲ, ಅಗಲ 36, ಆಳ 19. ಒಳಖಾನೆಯ ಬೀಗದ ಕೈ ಒಂದೇ ಇದೆ. ಬಲಬಾಗಿಲಿನ ಕೆಳಗೆ ತುಕ್ಕು ಹಿಡಿದಿದೆ. ನಾಲ್ಕನೆಯ ಚಿತ್ರ ನೋಡಿ. ಮನೆ ಮೂರನೆಯ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಇಳಿಸುವ ಖರ್ಚು ಕೊಳ್ಳುವವರದು. ಊರು ಬಿಡುತ್ತಿರುವುದರಿಂದ ಮಾರುತ್ತಿದ್ದೇವೆ. ಬೆಲೆ 6,000 ರೂಪಾಯಿ. ಸ್ವಲ್ಪ ಚೌಕಾಸಿಗೆ ಅವಕಾಶವಿದೆ." ಚಿತ್ರಗಳನ್ನು ಹಗಲಿನ ಬೆಳಕಿನಲ್ಲಿ, ಮುಂದೆ, ಹಿಂದೆ, ಒಳಗೆ, ಮತ್ತು ದೋಷವಿರುವಲ್ಲಿ ಸಮೀಪದಿಂದ ತೆಗೆಯಬೇಕು. ಅಳತೆಯಂತೂ ಮುಖ್ಯ, ಮುಂಬಯಿಯ ಬಾಗಿಲಿನೊಳಗೆ ಹೋಗದ ಬೀರು ಎಷ್ಟು ಅಗ್ಗವಾದರೂ ದಂಡವೇ. ರೈಲಿನ ಪ್ರತಿಯೊಂದು ಬೋಗಿಯ ತುದಿಯಲ್ಲಿ, ಹಿಂದಿನ ದೊಡ್ಡ ದುರಸ್ತಿ ಎಂದು ಎಲ್ಲಿ ಆಯಿತು, ಮುಂದಿನದು ಯಾವಾಗ ಎಂಬುದನ್ನು ಬಣ್ಣದಲ್ಲಿ ಬರೆದಿರುತ್ತಾರೆ. ತನ್ನ ವಯಸ್ಸನ್ನೂ ಚಿಕಿತ್ಸೆಯನ್ನೂ ಮೈಮೇಲೆಯೇ ಹೊತ್ತು ಅದು ಊರೂರು ತಿರುಗುತ್ತದೆ. ಅದರಿಂದ ಅದರ ಮರ್ಯಾದೆಗೇನೂ ಕುಂದು ಬಂದಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ದೋಷವೊಂದಿದೆ: ಅಕ್ಷರಶಃ ಸತ್ಯ, ಪರಿಣಾಮದಲ್ಲಿ ಅಸತ್ಯ. ದ್ರೋಣಪರ್ವದಲ್ಲಿ ಧರ್ಮರಾಜನು ಅಶ್ವತ್ಥಾಮ ಹತನಾದನೆಂದು ಗಟ್ಟಿಯಾಗಿಯೂ ಆನೆಯೆಂಬುದನ್ನು ಅಸ್ಪಷ್ಟವಾಗಿಯೂ ನುಡಿದುದು, ಭೂಮಿಯಿಂದ ನಾಲ್ಕು ಅಂಗುಲ ಮೇಲಿದ್ದ ಅವನ ರಥ ನೆಲಕ್ಕಿಳಿದುದು ಪ್ರಸಿದ್ಧವೇ ಆಗಿದೆ. ಇಂದಿನ ಒಂದು ಉದಾಹರಣೆಯನ್ನು ಗಮನಿಸಿರಿ. 2019ರಲ್ಲಿ ಕೊಂಡ ಎ.ಸಿ.ಯ ಮೇಲೆ ಐದು ನಕ್ಷತ್ರಗಳ ಗುರುತಿದೆ. ಎ.ಸಿ.ಗಳ ನಕ್ಷತ್ರದ ಮಾನದಂಡಗಳು 2022ರ ಜುಲೈನಲ್ಲಿ ಬಿಗಿಯಾದವು. ಅಂದಿನ ಐದು ನಕ್ಷತ್ರ ಅನಂತರದ ಐದು ನಕ್ಷತ್ರಕ್ಕೆ ಸಮವಲ್ಲ. "ಐದು ನಕ್ಷತ್ರದ ಎ.ಸಿ." ಎಂದು ವರ್ಷ ಹೇಳದೆ ಬರೆದರೆ ಸುಳ್ಳಾಡಿದಂತಲ್ಲ, ನಿಜವನ್ನೂ ಹೇಳಿದಂತಲ್ಲ. ಗುರುತುಚೀಟಿಯ ಮೇಲಿರುವ ವರ್ಷವನ್ನೂ ಸೇರಿಸಿ ಬರೆದಲ್ಲಿ ಆನೆಯನ್ನೂ ಗಟ್ಟಿಯಾಗಿಯೇ ನುಡಿದಂತಾಗುತ್ತದೆ.

ಇಲ್ಲಿ ಆಕ್ಷೇಪವೊಂದು ಏಳುತ್ತದೆ. ಎಲ್ಲರೂ ಮುಚ್ಚಿಟ್ಟು ಮಾರುತ್ತಿರುವಾಗ ನಾನೊಬ್ಬನೇ ತುಕ್ಕಿನ ಚಿತ್ರ ಹಾಕಿದರೆ ನನ್ನದನ್ನು ಕೊಳ್ಳುವವರು ಯಾರು? ಆಕ್ಷೇಪ ಕ್ಷುಲ್ಲಕವಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಕುರಿತು ಇದನ್ನೇ ವಿಚಾರಿಸಿದರು. 2001ರಲ್ಲಿ ಅವರು ಇನ್ನಿಬ್ಬರೊಡನೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಪಡೆದರು. ಅವರ ವಾದದ ಸಾರವಿದು: ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆಗ ಕೊಳ್ಳುವವನು ಎಲ್ಲವನ್ನೂ ಶಂಕಿಸಿ ಕಡಿಮೆ ಬೆಲೆಗೇ ಕೇಳುತ್ತಾನೆ. ಆ ಬೆಲೆಗೆ ಒಳ್ಳೆಯ ವಸ್ತುವಿನ ಒಡೆಯನು ಮಾರಲೊಲ್ಲದೆ ಹಿಂದೆ ಸರಿಯುತ್ತಾನೆ. ಕಡೆಗೆ ಪೇಟೆಯಲ್ಲಿ ಕೆಟ್ಟ ವಸ್ತುಗಳೇ ಉಳಿಯುತ್ತವೆ. ಆದುದರಿಂದ ಮುಚ್ಚುಮರೆಯ ನಷ್ಟ ಮೋಸ ಹೋದವನೊಬ್ಬನಿಗೇ ಅಲ್ಲ. ಅವನ ತರುವಾಯ ಬರುವ ಪ್ರಾಮಾಣಿಕ ಮಾರಾಟಗಾರನಿಗೂ ಉಂಟು. ಹಾಗೆಯೇ ತುಕ್ಕನ್ನು ತಾನಾಗಿ ತೋರಿಸಿದವನ ಉಳಿದ ಮಾತುಗಳನ್ನೂ ಜನ ನಂಬುತ್ತಾರೆ. ಕೆಲವೊಮ್ಮೆ ನೂರಿನ್ನೂರು ರೂಪಾಯಿ ಕಡಿಮೆ ಬರಬಹುದು. ಅದನ್ನು ನಷ್ಟವೆನ್ನಲಾಗದು, ಆ ಹಣ ಮೊದಲಿಗೇ ನಮ್ಮದಾಗಿರಲಿಲ್ಲ.

ಹಳೆಯ ವಸ್ತುವನ್ನು ಕೊಳ್ಳುವವರು ಸಾಮಾನ್ಯವಾಗಿ ಯಾರು? ಮೊದಲ ಸಂಬಳದಲ್ಲಿ ಕೋಣೆ ಹಿಡಿದ ತರುಣ, ಹೊಸದಾಗಿ ಸಂಸಾರ ಹೂಡಿದ ದಂಪತಿಗಳು, ಮಗಳ ಓದಿಗೆ ಮೇಜು ಹುಡುಕುವ ತಾಯಿ. ಹೊಸದನ್ನು ಕೊಳ್ಳಲು ಕೈಸಾಗದವರಿಗೆ ಕೆಟ್ಟ ಫ್ರಿಜ್ ಒಂದು ತಿಂಗಳ ಊಟದ ಹಣ. ಪರವೂರಿಗೆ ಬಂದು ಬೇರೂರಿದ ನಮ್ಮ ಮನೆಗಳ ಮೊದಲ ಮಂಚ, ಮೊದಲ ಸ್ಟೌ ಇವೂ ಹೀಗೆಯೇ ಯಾರಿಂದಲೋ ಬಂದವಲ್ಲವೇ? ಕಾನೂನಿನ ಉದಾಹರಣೆಯಲ್ಲಿ ಮಗಳಿಗೆ ಹೇಳಬೇಕಾದುದು ಅಪರಿಚಿತನಿಗೆ ಬೇಕಿಲ್ಲ. ಆದರೆ ಆ ಅಪರಿಚಿತನೂ ಯಾರದೋ ಮಗ. ಅನಿಲ ಸೋರುವ ಸ್ಟೌ, ಶಾಕ್ ಹೊಡೆಯುವ ಗೀಜರ್, ಅಪಘಾತದಲ್ಲಿ ಪೆಟ್ಟು ತಿಂದ ಹೆಲ್ಮೆಟ್ ಇವುಗಳನ್ನು ದೋಷ ಹೇಳಿ ಮಾರುವುದೂ ಸಲ್ಲದು. ಬಳಸಲಾಗದಂತೆ ಮಾಡಿ ಗುಜರಿಗೆ ಹಾಕುವುದೇ ಯುಕ್ತ.

ಬೆಲೆಯ ವಿಷಯದಲ್ಲಿಯೂ ನಾರದಸ್ಮೃತಿ ಒಂದು ಮಾನವನ್ನು ಕೊಡುತ್ತದೆ. ಒಮ್ಮೆ ಒಗೆದ ವಸ್ತ್ರದ ಮೌಲ್ಯದಲ್ಲಿ ಎಂಟನೆಯ ಒಂದು ಭಾಗ, ಎರಡು ಸಲಕ್ಕೆ ಕಾಲುಭಾಗ, ಮೂರು ಸಲಕ್ಕೆ ಮೂರನೆಯ ಒಂದು ಭಾಗ, ನಾಲ್ಕು ಸಲಕ್ಕೆ ಅರ್ಧ ಇಳಿಯುತ್ತದೆ. ಪೂರ್ತಿ ಜೀರ್ಣವಾದುದಕ್ಕೆ ನಿಯಮವೇ ಇಲ್ಲ. ಬಳಕೆ ಮೌಲ್ಯವನ್ನು ತಿನ್ನುತ್ತದೆಂಬ ಈ ಸರಳ ಸತ್ಯವನ್ನು ನಮ್ಮ ಮಮಕಾರ ಒಪ್ಪುವುದಿಲ್ಲ. ಕೊಂಡ ಬೆಲೆ, ಅದರ ಮೇಲಿನ ಪ್ರೀತಿ, ಅದರೊಡನೆ ಕಳೆದ ವರ್ಷಗಳು ಎಲ್ಲವನ್ನೂ ಕೂಡಿಸಿ ಬೆಲೆ ಹೇಳುತ್ತೇವೆ. ನಮ್ಮ ನೆನಪಿಗೆ ಬೆಲೆ ತೆರುವ ಋಣ ಕೊಳ್ಳುವವನಿಗಿಲ್ಲ. ಅದೇ ಬಗೆಯ, ಅಷ್ಟೇ ವಯಸ್ಸಿನ ನಾಲ್ಕು ವಸ್ತುಗಳಿಗೆ ಇತರರು ಏನು ಕೇಳುತ್ತಿದ್ದಾರೆಂದು ನೋಡಿ ಬೆಲೆ ಇಡುವುದು ಉಚಿತ.

ಹಾಗಾದರೆ ಎಲ್ಲವನ್ನೂ ಹೇಳಬೇಕೇ? ಇಲ್ಲ. ಯಾವುದನ್ನು ತಿಳಿದಿದ್ದರೆ ನಾವೇ ಕೊಳ್ಳುತ್ತಿರಲಿಲ್ಲವೋ, ಅಥವಾ ಕಡಿಮೆ ಬೆಲೆಗೆ ಕೇಳುತ್ತಿದ್ದೆವೋ, ಅದನ್ನು ಹೇಳಬೇಕು. ಮನೆಯ ಕಷ್ಟ, ಕಡೆಯ ಬೆಲೆ, ಊರು ಬಿಡುವ ತಾರೀಖು ಇವನ್ನು ಹೇಳುವ ಹೊಣೆ ನಮಗಿಲ್ಲ. ಸತ್ಯವ್ರತವೆಂದರೆ ಎಚ್ಚರಗೇಡಿತನವೂ ಅಲ್ಲ. ಹಣ ಕಳಿಸುತ್ತೇನೆಂದು ಹೇಳಿ ಕ್ಯೂಆರ್ ಚಿತ್ರ ಕಳಿಸಿ ಪಿನ್ ಒತ್ತಿಸುವ ಮೋಸಗಾರರಿದ್ದಾರೆ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲವೆಂಬುದನ್ನು ಮನೆಯ ಹಿರಿಯರಿಗೆ ತಿಳಿಸಿರಬೇಕು. ಮೊಬೈಲನ್ನು ಮಾರುವ ಮುನ್ನ ಅದರಲ್ಲಿರುವ ನಮ್ಮ ಖಾತೆ, ಚಿತ್ರಗಳನ್ನು ಅಳಿಸಿರಬೇಕು. ವಸ್ತು ಮಾರಾಟವಾದೊಡನೆ ಜಾಹೀರಾತನ್ನು ತೆಗೆದುಹಾಕುವುದೂ ಸತ್ಯದ ಅಂಗವೇ. ಇಲ್ಲದ ವಸ್ತುವನ್ನು ಇದೆಯೆಂದು ತೋರಿಸುತ್ತಿರುವ ಪರದೆ ನಮ್ಮ ಪರವಾಗಿ ಸುಳ್ಳು ನುಡಿಯುತ್ತಿರುತ್ತದೆ.

ಮಹಾಭಾರತದ ಶಾಂತಿಪರ್ವದಲ್ಲಿ ಜಾಜಲಿಯೆಂಬ ತಪಸ್ವಿ ಧರ್ಮವನ್ನರಿಯಲು ಹೋದದ್ದು ವಾರಾಣಸಿಯ ತುಲಾಧಾರನೆಂಬ ವರ್ತಕನ ಬಳಿಗೆ. ಅವನ ಹಿರಿಮೆ ಅವನ ತಕ್ಕಡಿ ಎಲ್ಲರಿಗೂ ಸಮನಾಗಿದ್ದುದರಲ್ಲಿತ್ತು. ನಮ್ಮ ಕೈಯಲ್ಲಿ ತಕ್ಕಡಿಯಿಲ್ಲ; ಎಂಟು ಸಾಲು ಬರಹವಿದೆ. ಮನೆಯ ಮಕ್ಕಳು ಆ ಸಾಲುಗಳನ್ನು ಓದುತ್ತಾರೆ, ಬಹುವೇಳೆ ಅವರೇ ಅದನ್ನು ಬೆರಳಚ್ಚಿಸುತ್ತಾರೆ. "ತುಕ್ಕಿನ ವಿಷಯ ಬರೆಯಲೇ ಅಪ್ಪಾ?" ಎಂದು ಮಗಳು ಕೇಳಿದಾಗ ನಾವು ಕೊಡುವ ಉತ್ತರ ಬೀರು ಮನೆಬಿಟ್ಟು ಹೋದ ಮೇಲೆಯೂ ಅವಳಲ್ಲಿ ಉಳಿಯುತ್ತದೆ.