ಕೆಟ್ಟುಹೋಯ್ತು, ಕೆಡಿಸಿದೆ

ನಮ್ಮ ನಾಲ್ವರಿಗೂ ಸೇರಿ ಒಂದು ಸ್ಟೀಮ್ ಡೆಕ್ ಇದೆ. ಎರಡು ಕೈಯಲ್ಲಿ ಹಿಡಿದು ವಿಡಿಯೋ ಗೇಮ್ ಆಡುವ ಯಂತ್ರ, ಆದರೆ ಒಳಗೆ ಪೂರ್ತಿ ಕಂಪ್ಯೂಟರು. ವಾಲ್ವ್ ಕಂಪನಿ ಇದನ್ನು 2022ರ ಫೆಬ್ರವರಿಯಲ್ಲಿ ಹೊರತಂದಿತು. ನಮ್ಮದು ವಿದೇಶದಿಂದ ಮರಳಿದ ಸೀನಿಯರ್ ಒಬ್ಬರಿಂದ ಕೊಂಡದ್ದು. ಪಾಲುದಾರರು ಹಾಸ್ಟೆಲಿನ ಗೆಳೆಯರು: ಒಬ್ಬ ಚನ್ನಗಿರಿಯವನು, ಒಬ್ಬ ಹೊನ್ನಾಳಿಯವನು, ಒಬ್ಬ ಜಗಳೂರಿನವನು, ನಾನು ನ್ಯಾಮತಿಯವನು. 1997ರಲ್ಲಿ ದಾವಣಗೆರೆ ಜಿಲ್ಲೆ ಆಗದೇ ಇದ್ದಿದ್ದರೆ ಜಗಳೂರಿನವನು ಚಿತ್ರದುರ್ಗಕ್ಕೆ, ಉಳಿದ ಮೂವರು ಶಿವಮೊಗ್ಗಕ್ಕೆ ಸೇರಿರುತ್ತಿದ್ದೆವು. ಯಂತ್ರ ಒಬ್ಬೊಬ್ಬರ ಬಳಿ ಹದಿನೈದು ದಿನ ಇದ್ದು ಮುಂದಿನವನ ಕೈಗೆ ಹೋಗುತ್ತದೆ.

ತೊಂದರೆ ಇದ್ದದ್ದು ಜಾಗದ್ದು. ಅದರ ಸ್ಟೋರೇಜ್ 64 ಜಿಬಿ ಮಾತ್ರ. ಒಬ್ಬನ ಆಟ ಒಳಗೆ ಬರಬೇಕಾದರೆ ಇನ್ನೊಬ್ಬನದು ಹೊರಗೆ ಹೋಗಬೇಕು. ಒಂದು ಮೆಮೊರಿ ಕಾರ್ಡ್ ಹಾಕಿಕೊಂಡು ಸ್ವಲ್ಪ ಕಾಲ ನೂಕಿದೆವು. ಕೊನೆಗೆ ನಾಲ್ವರೂ ದುಡ್ಡು ಹಾಕಿ 512 ಜಿಬಿಯ ಎಸ್‌ಎಸ್‌ಡಿ ತರಿಸಿದೆವು. ಇದಕ್ಕೆ ಹಿಡಿಸುವುದು 2230 ಅಳತೆಯದು, ಅಂದರೆ 22 ಮಿಲಿಮೀಟರ್ ಅಗಲ, 30 ಮಿಲಿಮೀಟರ್ ಉದ್ದ, ಹೆಬ್ಬೆರಳಿನ ತುದಿಯಷ್ಟು. ಬದಲಿಸುವ ಕೆಲಸ ನನ್ನ ಪಾಲಿಗೆ ಬಂತು.

ಕೆಲಸ ಕಷ್ಟದ್ದಲ್ಲ. ಹಿಂಬದಿಯ ಎಂಟು ಸ್ಕ್ರೂ ಬಿಚ್ಚಬೇಕು, ಕವಚ ಎಬ್ಬಿಸಬೇಕು, ಲೋಹದ ತಗಡು ತೆಗೆದು ಬ್ಯಾಟರಿಯ ತಂತಿ ಕಳಚಬೇಕು, ಒಂದೇ ಸ್ಕ್ರೂ ಹಿಡಿದಿರುವ ಹಳೆಯದನ್ನು ತೆಗೆದು ಹೊಸದನ್ನು ಕೂರಿಸಬೇಕು. ಆಮೇಲೆ ಯುಎಸ್‌ಬಿಯಿಂದ ಸ್ಟೀಮ್‌ಓಎಸ್ ಮತ್ತೆ ಹಾಕಬೇಕು. ಇದಕ್ಕೆಲ್ಲ ಮೊದಲು ಒಂದು ಎಚ್ಚರಿಕೆ ಇದೆ: ಮೆಮೊರಿ ಕಾರ್ಡನ್ನು ಹೊರಗೆ ತೆಗೆಯಿರಿ, ಇಲ್ಲದಿದ್ದರೆ ಕವಚ ಎಬ್ಬಿಸುವಾಗ ಅದು ಅಡ್ಡ ಸಿಕ್ಕಿ ಮುರಿಯುತ್ತದೆ. ನಾನು ಅದನ್ನು ಓದಿದ್ದೆ. ಓದಿಯೂ ಮರೆತೆ. ಕವಚ ಎತ್ತುವಾಗ ಕಟ್ ಎಂದು ಸಣ್ಣ ಸದ್ದಾಯಿತು.

ಕಾರ್ಡ್ ಎರಡು ತುಂಡಾಗಲಿಲ್ಲ. ಮಧ್ಯೆ ಒಂದು ಬಿರುಕು, ಬೆಳಕಿಗೆ ಹಿಡಿದರಷ್ಟೇ ಕಾಣುವಂಥದ್ದು. ಉಳಿದ ಕೆಲಸ ಸರಿಯಾಗಿ ಮುಗಿಯಿತು, ಹೊಸ ಎಸ್‌ಎಸ್‌ಡಿ ಚೆನ್ನಾಗಿ ನಡೆಯಿತು. ಕಾರ್ಡನ್ನು ಮತ್ತೆ ಅದರ ಜಾಗದಲ್ಲಿ ಸಿಕ್ಕಿಸಿ ಗ್ರೂಪಿಗೆ ಬರೆದೆ: ‘ಸ್ಟೋರೇಜ್ ಆಯ್ತು. ಆದ್ರೆ ಕಾರ್ಡ್ ಓದ್ತಿಲ್ಲ, ಕೆಟ್ಟುಹೋಗಿದೆ ಅನ್ಸುತ್ತೆ.’

ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ.

ಮುಂದಿನ ಸರದಿ ಜಗಳೂರಿನವನದು. ಆ ಕಾರ್ಡಿನಲ್ಲಿ ಊರು ಕಟ್ಟುವ ಹಳೆಯ ಆಟವೊಂದಿತ್ತು, ಅವನು ಒಂದು ವರ್ಷದಿಂದ ಆಡುತ್ತಿದ್ದದ್ದು. ಅಪ್ಪ ಆಸ್ಪತ್ರೆಯಲ್ಲಿದ್ದಾಗ ರಾತ್ರಿಯೆಲ್ಲ ಹೊರಗಿನ ಬೆಂಚಿನ ಮೇಲೆ ಕೂತು ಆ ಊರಿಗೆ ಒಂದೊಂದೇ ಬೀದಿ ಸೇರಿಸಿದ್ದ. ಕೆಲವು ಆಟಗಳ ಪ್ರಗತಿ ಕ್ಲೌಡಿನಲ್ಲಿ ಉಳಿಯುತ್ತದೆ. ಇದರದು ಕಾರ್ಡಿನಲ್ಲಿ ಮಾತ್ರ ಇತ್ತು.

ಹುಡುಕಾಟ ಶುರುವಾಯಿತು. ಅವನು ಹೊಸ ಕಾರ್ಡ್ ತಂದು ಹಾಕಿ ನೋಡಿದ. ಚನ್ನಗಿರಿಯವನು ತಂತ್ರಾಂಶದ ದೋಷವಿರಬಹುದು, ಓಎಸ್ ಮತ್ತೊಮ್ಮೆ ಹಾಕು ಎಂದ. ಹೊನ್ನಾಳಿಯವನು 2023ರಲ್ಲಿ ಆಸುಸ್ ಕಂಪನಿ ತನ್ನ ಆರ್‌ಓಜಿ ಅಲೈ ಯಂತ್ರದ ಕಾರ್ಡ್ ರೀಡರ್ ಬಿಸಿಗೆ ಕೆಡಬಹುದೆಂದು ಒಪ್ಪಿಕೊಂಡದ್ದನ್ನು ತೋರಿಸಿ, ಇಲ್ಲೂ ಹಾಗೇ ಇರಬಹುದು ಎಂದ. ಅವನು ಹೇಳಿದ್ದು ನಿಜ. ಆ ನಿಜ ನನ್ನ ಮೌನಕ್ಕೆ ಊರುಗೋಲಾಯಿತು. ಹತ್ತು ದಿನ ಮೂವರೂ ತಮ್ಮ ಬುದ್ಧಿಯನ್ನೆಲ್ಲ ಖರ್ಚು ಮಾಡಿದರು. ಕೊನೆಗೆ ಜಗಳೂರಿನವನು ಕೇಳಿದ: ‘ಬಿಚ್ಚುವಾಗ ಕಾರ್ಡ್ ಒಳಗಿತ್ತೇನೋ?’ ‘ನೆನಪಿಲ್ಲ ಕಣೋ’ ಎಂದೆ. ಅದು ಮಾತ್ರ ಶುದ್ಧ ಸುಳ್ಳು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹೋದ ಊರು ನಾನು ಒಪ್ಪಿಕೊಂಡರೆ ಮರಳಿ ಬರುವುದಿಲ್ಲ. ಕಾರ್ಡಿನ ಬೆಲೆಯೂ ದೊಡ್ಡದಲ್ಲ. ಹೇಳಿದರೆ ಸ್ನೇಹಕ್ಕೆ ಒಂದು ಗೀರು, ಹೇಳದಿದ್ದರೆ ಯಾರಿಗೂ ನಷ್ಟವಿಲ್ಲ. ಹಾಗಾದರೆ ಏಕೆ ಹೇಳಬೇಕು? ಕ್ಯಾಂಟ್ 1797ರ ತನ್ನ ಲೇಖನದಲ್ಲಿ, ಮನೆಯಲ್ಲಿ ಅಡಗಿರುವ ಗೆಳೆಯನನ್ನು ಹುಡುಕಿ ಬಂದ ಕೊಲೆಗಾರನಿಗೂ ಸುಳ್ಳು ಹೇಳಬಾರದೆಂದು ವಾದಿಸಿದ. ಅಷ್ಟು ದೂರ ಹೋಗಲು ನಾನು ಸಿದ್ಧನಿಲ್ಲ. ನನಗೆ ಹತ್ತಿರವಾಗುವುದು ಸಿಸೆಲಾ ಬೋಕ್ 1978ರ ‘ಲೈಯಿಂಗ್’ ಪುಸ್ತಕದಲ್ಲಿ ಹಿಡಿದ ದಾರಿ: ಸುಳ್ಳನ್ನು ಹೇಳಿದವನ ಕಡೆಯಿಂದಲ್ಲ, ಕೇಳಿಸಿಕೊಂಡವನ ಕಡೆಯಿಂದ ನೋಡಿ. ಹೇಳಿದವನಿಗೆ ಅದು ಒಂದು ಸಣ್ಣ ವಾಕ್ಯ. ಕೇಳಿದವನು ಅದರ ಮೇಲೆ ನಿಂತು ಮುಂದಿನ ಆಯ್ಕೆಗಳನ್ನೆಲ್ಲ ಮಾಡುತ್ತಾನೆ.

ಯಂತ್ರದ ದೋಷ ಹುಡುಕುವವನಿಗೆ ಇದು ಚೆನ್ನಾಗಿ ಗೊತ್ತು. ಅವನ ಮೊದಲ ಪ್ರಶ್ನೆ, ‘ಕೊನೆಯ ಸಲ ಏನು ಬದಲಾಯಿಸಿದಿರಿ?’ ಅದಕ್ಕೆ ಸಿಕ್ಕ ಉತ್ತರ ತಪ್ಪಾದರೆ ಮುಂದಿನ ತರ್ಕ ಎಷ್ಟೇ ಸರಿಯಿದ್ದರೂ ಇಲ್ಲದ ಕಡೆಗೇ ಹೋಗುತ್ತದೆ. ನನ್ನ ಗೆಳೆಯರ ತರ್ಕದಲ್ಲಿ ತಪ್ಪಿರಲಿಲ್ಲ. ನಾನು ಅವರಿಗೆ ಕೊಟ್ಟ ಜಗತ್ತೇ ತಪ್ಪಾಗಿತ್ತು.

ಆ ಜಗತ್ತನ್ನು ಕಟ್ಟಲು ನನಗೆ ನೆರವಾದದ್ದು ನಮ್ಮ ವ್ಯಾಕರಣ. ಲೋಟ ಒಡೆದ ಮಗು ‘ಒಡೆದೆ’ ಎನ್ನುವುದಿಲ್ಲ, ‘ಒಡೆದುಹೋಯ್ತು’ ಎನ್ನುತ್ತದೆ. ಅಕರ್ಮಕ ಕ್ರಿಯಾಪದಕ್ಕೆ ‘ಹೋಯ್ತು’ ಸೇರಿಸಿದರೆ ಸಾಕು, ವಸ್ತು ತಾನೇ ಎದ್ದು ನಡೆದು ಹೋದ ಹಾಗೆ ಇರುತ್ತದೆ. ಕೆಟ್ಟುಹೋಯ್ತು, ಕಳೆದುಹೋಯ್ತು, ಮರೆತುಹೋಯ್ತು. ಕೆಡು ಎಂಬುದನ್ನು ಕೆಡಿಸು ಮಾಡಿದೊಡನೆ ವಾಕ್ಯ ಒಬ್ಬ ಕರ್ತೃವನ್ನು ಕೇಳುತ್ತದೆ. ಹಾಗೆಂದು ಭಾಷೆಯನ್ನು ದೂರುತ್ತಿಲ್ಲ. ಯಾರ ತಪ್ಪೂ ಇಲ್ಲದೆ ಕೆಡುವ ವಸ್ತುಗಳೂ ಇವೆ. ಅವುಗಳಿಗೆ ಈ ಪದ ಬೇಕು. ನಾನು ಆ ಪದವನ್ನು ಎರವಲು ಪಡೆದು ಅದರ ಹಿಂದೆ ಅಡಗಿದೆ.

ಮುಂದಿನ ಭಾನುವಾರ ಬಸ್ಸು ಹತ್ತಿ, ದಾವಣಗೆರೆಯಲ್ಲಿ ಬದಲಿಸಿ ಜಗಳೂರಿಗೆ ಹೋದೆ. ‘ಕಾರ್ಡ್ ನಾನೇ ಮುರಿದೆ’ ಎಂದೆ. ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: ‘ಥೂ, ಮುಂಚೆನೇ ಹೇಳಬಾರದಿತ್ತಾ. ಹಿಂದಿನ ಸಲ ಕೊಡುವಾಗ ಸರಿಯಾಗಿ ಆಫ್ ಮಾಡದೆ ನಾನೇ ಹಾಳು ಮಾಡಿದ್ನೇನೋ ಅಂತ ಹತ್ತು ದಿನದಿಂದ ಕೊರೀತಿತ್ತು.’

ಇದನ್ನು ನಾನು ಲೆಕ್ಕ ಹಾಕಿರಲಿಲ್ಲ. ನಾನು ಹೊರದೆ ಇಳಿಸಿದ ತಪ್ಪು ನೆಲದ ಮೇಲೆ ಬಿದ್ದಿರುತ್ತದೆ ಎಂದುಕೊಂಡಿದ್ದೆ. ಅದು ಹೋಗಿ ಇನ್ನೊಬ್ಬನ ಹೆಗಲ ಮೇಲೆ ಕೂತಿತ್ತು, ಅದೂ ಎಲ್ಲಕ್ಕಿಂತ ಹೆಚ್ಚು ಕಳೆದುಕೊಂಡವನ ಮೇಲೆ. ‘ಯಾರಿಗೂ ನಷ್ಟವಿಲ್ಲ’ ಎಂಬ ನನ್ನ ವಾದ ಅಲ್ಲಿಗೆ ಮುಗಿಯಿತು.

ಈಗ ಯಂತ್ರದ ಚೀಲದಲ್ಲಿ ಒಂದು ಪುಟ್ಟ ನೋಟ್‌ಬುಕ್ ಇದೆ. ಏನು ಮಾಡಿದರೂ ದಿನಾಂಕ ಹಾಕಿ ಬರೆಯಬೇಕು. ಕಳೆದ ತಿಂಗಳು ಅದು ಮತ್ತೆ ನನ್ನ ಕೈಗೆ ಬಂದಾಗ ಕೊನೆಯ ಸಾಲು ಜಗಳೂರಿನವನ ಅಕ್ಷರದಲ್ಲಿತ್ತು: ‘ಬೀಳಿಸಿದೆ. ಎಡಗಡೆ ಮೂಲೆ ಗೀರಾಗಿದೆ. ಆಟ ಓಡುತ್ತೆ.’