ಕಿಡಕಿಗೊಂದು ಎವೆ

ಏಪ್ರಿಲ್ ಬಂತೆಂದರೆ ಆಳಂದ, ಅಫಜಲಪುರ, ಜೇವರ್ಗಿಯ ಓಣಿಗಳಲ್ಲಿ ಹನ್ನೊಂದು ಗಂಟೆಗೇ ಸದ್ದಡಗುತ್ತದೆ. ಮತ್ತೆ ಮನುಷ್ಯರ ಮಾತು ಕೇಳಬೇಕಾದರೆ ಹೊತ್ತು ಇಳಿಯಬೇಕು. ಮೊನ್ನೆ ಮಧ್ಯಾಹ್ನ ಮೂರರ ಸುಮಾರಿಗೆ ಜೇವರ್ಗಿಯ ಗೆಳೆಯನೊಬ್ಬನ ಹೊಸ ಮನೆಗೆ ಹೋಗಬೇಕಾಗಿ ಬಂತು. ವರ್ಷದ ಹಿಂದೆ ಸ್ಲ್ಯಾಬ್ ಹಾಕಿ ಕಟ್ಟಿಸಿದ ಮನೆ. ಹಾಲಿಗೆ ಎರಡು ದೊಡ್ಡ ಕಿಡಕಿ, ಸರಿಸುವ ಗಾಜು, ಅದಕ್ಕೆ ಅಂಗಡಿಯಿಂದ ತಂದ ಮಿರುಗುವ ಪಡದೆ. ನೀರು ಕೇಳುತ್ತಾ ಅಡುಗೆಮನೆಯ ಬಾಗಿಲತನಕ ಹೋದೆ. ಸಂಜೆಯ ಬಸ್ಸಿಗೆ ಹೊರಟ ಮಗನ ಬುತ್ತಿಗೆಂದು ವೈನಿ ರೊಟ್ಟಿ ಬಡಿಯುತ್ತಿದ್ದರು. ಎದುರಿಗೆ ಪಡುವಣ ಕಿಡಕಿ, ಬರಿಯ ಗಾಜು. ಬಿಸಿಲು ನೇರವಾಗಿ ಅವರ ಮುಖ, ಎದೆಯ ಮೇಲೆ ಬಿದ್ದಿತ್ತು. ಕಟ್ಟೆಯ ಮೇಲಿದ್ದ ಎಣ್ಣೆಯ ಡಬ್ಬಿಯನ್ನು ಸರಿಸಲು ಹೋದರೆ ಕೈ ಚುರ್ರೆಂದಿತು. "ಇಲ್ಲಿಗೂ ಒಂದು ಪಡದಾ ಹಾಕಬೇಕಿತ್ತಲ್ರೀ ವೈನಿ" ಎಂದೆ. "ಹಾಲಿನ್ಯಾಗಾದ್ರ ಬೀಗರು, ಬಿಜ್ಜರು ಬಂದು ಕೂಡ್ತಾರ್ರಿ. ಅಡಗಿಮನಿ ಯಾರ್ ನೋಡ್ತಾರ?" ಎಂದು ನಕ್ಕು, ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದರು. ಅವರ ದನಿಯಲ್ಲಿ ದೂರು ಇರಲಿಲ್ಲ. ಆ ಮಾತು ಮಾತ್ರ ಮನೆ ತಲುಪುವವರೆಗೂ ನನ್ನ ಜೊತೆಗೇ ಬಂತು.

ನಮ್ಮ ಹಿರಿಯರ ಮಣ್ಣಿನ ಮಾಳಿಗೆಗಳಿಗೆ ಈ ತೊಂದರೆ ಇಷ್ಟಿರಲಿಲ್ಲ. ಮೊಳಕ್ಕೂ ಮಿಗಿಲಾದ ದಪ್ಪ ಗೋಡೆ, ಸಣ್ಣ ಕಿಡಕಿ, ತಲೆಯ ಮೇಲೊಂದು ಗವಾಕ್ಷಿ. ಸಂಸ್ಕೃತದಲ್ಲಿ ಗವಾಕ್ಷವೆಂದರೆ ಆಕಳ ಕಣ್ಣು. ಇಂಗ್ಲಿಷಿನ ವಿಂಡೋ ಕೂಡ ಹಳೆಯ ನಾರ್ಸ್ ಭಾಷೆಯಲ್ಲಿ 'ಗಾಳಿಯ ಕಣ್ಣು' ಎಂಬ ಅರ್ಥವಿದ್ದ ಮಾತಿನಿಂದ ಬಂದದ್ದು. ಒಬ್ಬರನ್ನೊಬ್ಬರು ಕಂಡರಿಯದ ಎರಡು ನಾಡಿನ ಜನರಿಗೆ ಗೋಡೆಯ ಕಿಂಡಿ ನೋಡಿ ಕಣ್ಣೇ ನೆನಪಾಯಿತು. ಕಣ್ಣಿದ್ದ ಮೇಲೆ ಅದಕ್ಕೆ ಎವೆಯೂ ಬೇಕಲ್ಲ? ಭೀಮೆ ದಾಟಿ ವಿಜಯಪುರಕ್ಕೆ ಹೋದವರು ಇಬ್ರಾಹಿಂ ರೋಜಾದ ಕಿಡಕಿಗಳನ್ನು ನೋಡಿರಬಹುದು. 17ನೇ ಶತಮಾನದ ಆ ಕುಶಲಿಗಳು ಕಲ್ಲಿನಲ್ಲಿ ಅರಬ್ಬಿ ಅಕ್ಷರಗಳನ್ನೇ ಜಾಲಿಯಾಗಿ ಕೊರೆದರು. ಗಾಳಿ ತಡೆಯಿಲ್ಲದೆ ಬರುತ್ತದೆ, ಬೆಳಕು ಸೋಸಿಕೊಂಡು ಬರುತ್ತದೆ. ಅರಸರ ಕೆಲಸ ಅದು, ನಮ್ಮ ಕೈಗೆ ಎಟುಕುವುದಲ್ಲ. ಆದರೆ ಗಾಳಿ ಬಿಟ್ಟುಕೊಂಡು ಬಿಸಿಲನ್ನು ಹೊರಗಿಡುವ ಆ ಉಪಾಯಕ್ಕೆ ಬೇಕಾದ ಸಾಮಾನೆಲ್ಲ ನಮ್ಮ ಟ್ರಂಕಿನಲ್ಲಿ, ಹಿತ್ತಲಿನಲ್ಲಿ ಬಿದ್ದಿದೆ.

ಟ್ರಂಕಿನಿಂದಲೇ ಶುರು ಮಾಡೋಣ. ಉಡಲಾಗದ, ಎಸೆಯಲು ಮನಸ್ಸೂ ಬಾರದ ಹತ್ತಿಯ ಸೀರೆ ಯಾವ ಮನೆಯಲ್ಲಿ ಇಲ್ಲ? ಐದೂವರೆ ಮೀಟರಿನ ಸೀರೆಯನ್ನು ಐದೈದು ಅಡಿಗೆ ಕತ್ತರಿಸಿದರೆ ಮೂರು ತುಂಡು ಸಿಗುತ್ತವೆ, ಸ್ವಲ್ಪ ಮಿಗುತ್ತದೆ. ನಾಲ್ಕಡಿ ಅಗಲದ ಕಿಡಕಿಗೆ ಎರಡು ತುಂಡು ಸಾಕು, ನಿರಿಗೆ ಚೆನ್ನಾಗಿ ಕೂಡುತ್ತದೆ. ಎರಡು ಸೀರೆಯಿಂದ ಮೂರು ಕಿಡಕಿ ಆಯಿತು. ಸೀರೆಯ ಸೊಗಸೆಂದರೆ ಅದರ ದಡಿ. ಎರಡೂ ಅಂಚಿಗೆ ದಡಿ ಇರುವುದರಿಂದ ಪಕ್ಕ ಮಡಚಿ ಹೊಲಿಯುವ ಕೆಲಸವೇ ಇಲ್ಲ. ಮೇಲೆ ಕೋಲು ತೂರುವಷ್ಟು ಒಂದು ಮಡಿಕೆ, ಕೆಳಗೊಂದು ಮಡಿಕೆ ಹಾಕಿದರೆ ಮುಗಿಯಿತು. ಕೋಲಿಗೆ ವೈರಿಂಗಿನವರು ಬಿಟ್ಟುಹೋದ ಪೈಪಿನ ತುಂಡು ಆದೀತು. ಹಿಂದುಗಡೆ, ಬಿಸಿಲು ಬೀಳುವ ಬದಿಗೆ, ಹಳೆಯ ಬಿಳಿ ಧೋತರದ ಅಸ್ತರು ಕೊಡಿ. ಬಿಳಿ ಬಟ್ಟೆ ಬಿಸಿಲನ್ನು ಹಿಂದಕ್ಕೆ ದೂಡುತ್ತದೆ, ಸೀರೆಯ ಬಣ್ಣವೂ ಬೇಗ ಮಾಸುವುದಿಲ್ಲ. ಆಳಂದದಲ್ಲಿ ನಮ್ಮ ಬಳಗದ ಒಂದು ಮನೆಯಲ್ಲಿ ಮುಂದೆ ಅವ್ವನ ಇಳಕಲ್ ಸೀರೆ, ಹಿಂದೆ ಅಪ್ಪನ ಧೋತರ ಹಾಗೆ ಜೋಡಿಯಾಗಿ ತೂಗುತ್ತಿವೆ. ಆ ಹಿರಿಯರಿಬ್ಬರೂ ಈಗಿಲ್ಲ. ಮೊಮ್ಮಗಳು ಅದೇ ಕಿಡಕಿಯ ಕೆಳಗೆ ಕೂತು ಓದುತ್ತಾಳೆ. ಅಂಚು ಹರಿದ ಕೌದಿಯಿದ್ದರೆ ಇನ್ನೂ ಒಳ್ಳೆಯದು. ಪದರ ಪದರದ ನಡುವೆ ಸಿಕ್ಕಿಕೊಂಡ ಗಾಳಿ ಕಾವನ್ನು ಒಳಗೆ ಬಿಡಲು ಒಪ್ಪುವುದಿಲ್ಲ. ಚಳಿಗೆ ಮೈಮೇಲಿದ್ದಾಗ ಮಾಡುತ್ತಿದ್ದ ಕೆಲಸವನ್ನೇ ಕೌದಿ ಇಲ್ಲಿಯೂ ಮಾಡುತ್ತದೆ.

ಬಟ್ಟೆಗೂ ಒಂದು ಮಿತಿಯಿದೆ. ಗಾಜು ದಾಟಿ ಬಂದ ಬಿಸಿಲು ಪಡದೆಯನ್ನು ಕಾಯಿಸುತ್ತದೆ, ಕಾದ ಪಡದೆ ಕೋಣೆಯನ್ನು ಕಾಯಿಸುತ್ತದೆ. ಗಾಜಿಗೆ ಮುಟ್ಟುವ ಮೊದಲೇ ಬಿಸಿಲನ್ನು ತಡೆದರೆ ಲಾಭ ಬಹಳ. ಮೇಲಾಗಿ ಒಲೆಯ ಹತ್ತಿರ ಬಟ್ಟೆ ತೂಗಬಿಡುವುದು ಅಪಾಯ. ಆದ್ದರಿಂದ ಅಡುಗೆಮನೆಯ ಎವೆ ಹೊರಗಡೆಯೇ ಇರಬೇಕು. ಇಲ್ಲಿ ನಮ್ಮ ತೊಗರಿ ಕೈಹಿಡಿಯುತ್ತದೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಬೇಳೆ ನಾಡೆಲ್ಲ ಹೋಗುತ್ತದೆ, ಕಟ್ಟಿಗೆ ಮಾತ್ರ ರಾಶಿ ಮಾಡಿದ ಕಣದ ಬದಿಯಲ್ಲೇ ಒಟ್ಟಿರುತ್ತದೆ. ಬೆರಳು ದಪ್ಪದ ನೆಟ್ಟನೆಯ ಕಟ್ಟಿಗೆ ಆರಿಸಿ, ರವದಿ ಉದುರಿಸಿ, ಸಾಲಾಗಿ ಹರಡಿ ಸುತಳಿಯಿಂದ ಮೂರು ಕಡೆ ಹೆಣೆದು ಬಿಗಿದರೆ ತಟ್ಟಿ ಸಿದ್ಧ. ಕಿಡಕಿಗಿಂತ ಆಚೆ ಈಚೆ ಒಂದೊಂದು ಗೇಣು ಹೆಚ್ಚಿರಲಿ. ಸಜ್ಜಾದಿಂದ ಇಳಿಬಿಡುವಾಗ ಗೋಡೆಗೂ ತಟ್ಟಿಗೂ ನಡುವೆ ಒಂದು ಗೇಣು ಸಂದಿ ಇರಲಿ, ಒಳಗಿನ ಹೊಗೆ, ಒಗ್ಗರಣೆಯ ಘಾಟು ಹೊರಹೋಗಲು. ಒಲೆ ಕಿಡಕಿಗೆ ತೀರಾ ಹತ್ತಿರವಿದ್ದರೆ ಒಣ ತಟ್ಟಿ ಬೇಡ, ತೊಂಡೆಬಳ್ಳಿ ಹಬ್ಬಿಸಿ. ಒಮ್ಮೆ ಬೇರು ಹಿಡಿದರೆ ನೆರಳೂ ಆಯಿತು, ಪಲ್ಯವೂ ಆಯಿತು.

ಒಣ ಝಳದ ದಿನಗಳಲ್ಲಿ ಇನ್ನೊಂದು ಹಳೆಯ ವಿದ್ಯೆಯುಂಟು. ಅರವಟ್ಟಿಗೆಯ ಹರವಿಗೆ ಹಸಿ ತಟ್ಟು ಸುತ್ತುತ್ತಾರಲ್ಲ, ಅದೇ. ಸಣಬಿನ ಗೋಣಿಚೀಲ ಬಿಚ್ಚಿ ಕಿಡಕಿಯ ಹೊರಗೆ ಕಟ್ಟಿ, ನೀರು ಚಿಮುಕಿಸಿ ಗಾಜು ತೆರೆದಿಟ್ಟರೆ ಹಾದು ಬರುವ ಗಾಳಿ ತಂಪಾಗಿರುತ್ತದೆ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು ಮುಕ್ಕಾಲಿಗೆ ತುಸು ಕಡಿಮೆ ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವನ್ನು ಹೀರಿಕೊಳ್ಳುತ್ತದೆ. ತರಕಾರಿ ತೊಳೆದ ನೀರೇ ಸಾಕು, ನೀರಿನ ಬರವಿರುವ ಊರಲ್ಲಿ ಹೊಸ ಕೊಡ ಸುರಿಯಬೇಕಿಲ್ಲ. ಇನ್ನು ದಿಕ್ಕಿನ ವಿಚಾರ. ಮೇ ಎರಡನೆಯ ವಾರದ ಸುಮಾರಿಗೆ ಸೂರ್ಯ ನಮ್ಮ ನಡುನೆತ್ತಿಗೆ ಬರುತ್ತಾನೆ. ಆಗ ದಕ್ಷಿಣದ ಕಿಡಕಿಯನ್ನು ಸಜ್ಜಾವೇ ಕಾಯುತ್ತದೆ. ಮೂಡಣ, ಪಡುವಣದ ಕಿಡಕಿಗಳಿಗೆ ಓರೆಯಾಗಿ ನುಗ್ಗುವ ಬಿಸಿಲನ್ನು ಸಜ್ಜಾ ತಡೆಯಲಾರದು. ಕೈಯಲ್ಲಿ ಒಂದೇ ತಟ್ಟಿಯಿದ್ದರೆ ಅದು ಪಡುವಣಕ್ಕೆ ಹೋಗಲಿ, ಏಕೆಂದರೆ ಮನೆಯೆಲ್ಲ ಕಾದು ನಿಂತ ಹೊತ್ತಿಗೇ ಅಲ್ಲಿಂದ ಬಿಸಿಲು ಬರುವುದು. ಬೆಳಿಗ್ಗೆ ಒಂಬತ್ತರೊಳಗೆ ಪಡದೆಗಳನ್ನು ಎಳೆದು, ದೀಪ ಹಚ್ಚುವ ಹೊತ್ತಿಗೆ ಎಲ್ಲವನ್ನೂ ತೆರೆದಿಡಬೇಕು. ಇಡೀ ದಿನ ಮುಚ್ಚಿಟ್ಟ ಮನೆಗೆ ಸಂಜೆಯ ತಂಗಾಳಿ ಸಿಗದೇ ಹೋಗಬಾರದು.

ಇಷ್ಟೆಲ್ಲ ಬರೆದದ್ದು ಆ ಪಡುವಣ ಕಿಡಕಿಯ ಮುಂದೆ ನಿಂತ ವೈನಿಯ ಸಲುವಾಗಿ. ಕಲಬುರಗಿ ವಿಭಾಗದಲ್ಲಿ ಬೇಸಿಗೆ ಬಂದರೆ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಗಿನ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸುತ್ತಾರೆ. ಬಿಸಿಲನ್ನು ಬಲ್ಲವರು ಮಾಡಿದ ಒಳ್ಳೆಯ ಕ್ರಮ ಅದು. ದುಡಿಯುವವರ ದೇಹಕ್ಕೆ ಕಾವು ತಾಗುತ್ತದೆ ಎಂದು ಅಲ್ಲಿ ಒಪ್ಪಿಕೊಂಡ ನಾವು ಮನೆಯೊಳಗೂ ಅದನ್ನು ಒಪ್ಪಬೇಕಲ್ಲವೆ? ಪಡದೆಗೆಂದು ಅಳತೆ ಹಿಡಿಯುವ ಮುಂಚೆ ಒಂದು ದಿನ ಮಧ್ಯಾಹ್ನ ಮೂರಕ್ಕೆ ಮನೆಯ ಎಲ್ಲ ಕೋಣೆಗಳಲ್ಲಿ ಎರಡೆರಡು ನಿಮಿಷ ನಿಂತು ಬನ್ನಿ. ಒಲೆಯ ಮುಂದೆ, ಅಜ್ಜಿಯ ಹೊರಸಿನ ಬಳಿ, ತೊಟ್ಟಿಲು ಕಟ್ಟಿದಲ್ಲಿ. ಯಾರ ಪಾಲಿಗೆ ಬಿಸಿಲು ಹೆಚ್ಚು ಬಂದಿದೆಯೋ ಅವರ ಕಿಡಕಿಗೇ ಮೊದಲ ಪಡದೆ. ಬೀಗರು ವರ್ಷಕ್ಕೆ ಎರಡು ಸಲ ಬರುತ್ತಾರೆ, ಅವರು ಬಂದಾಗಲೂ ರೊಟ್ಟಿ ಆಗುವುದು ಆ ಅಡುಗೆಮನೆಯಲ್ಲೇ.

ಗೆಳೆಯನಿಗೆ ಇದನ್ನೇ ಹೇಳಿದ್ದೆ. ಅವನು ಮರುಮಾತಾಡದೆ ರವಿವಾರ ಹೊಲಕ್ಕೆ ಹೋಗಿ ಒಂದು ಹೊರೆ ಕಟ್ಟಿಗೆ ತಂದ, ತಾನೇ ಕೂತು ತಟ್ಟಿ ಹೆಣೆದ. ಎರಡು ದಿನ ಬಿಟ್ಟು ವೈನಿ ಫೋನ್ ಮಾಡಿದ್ದರು. ಊರ ಸುದ್ದಿ, ಮಗನ ಪರೀಕ್ಷೆ ಎಲ್ಲ ಮಾತಾಡಿ ಕೊನೆಗೆ, "ಎಣ್ಣಿ ಡಬ್ಬಿ ಈಗ ಕೈ ಸುಡಂಗಿಲ್ರಿ" ಎಂದರು. ಕಾರಹುಣ್ಣಿಮೆಯ ಹೊತ್ತಿಗೆ ಮಳೆಗಾಳಿ ಬೀಸತೊಡಗಿದಾಗ ತಟ್ಟಿ ಬಿಚ್ಚಿಡಲು ನೆನಪಿಸಬೇಕು, ನೆನೆದರೆ ಕೊಳೆಯುತ್ತದೆ. ಕೊಳೆತರೂ ಚಿಂತೆಯಿಲ್ಲ. ಅಷ್ಟರಲ್ಲಿ ಹೊಲದಲ್ಲಿ ಹೊಸ ತೊಗರಿಯ ಬಿತ್ತನೆ ನಡೆದಿರುತ್ತದೆ.