ಚರವೋ ಸ್ಥಿರವೋ

ಬ್ಯಾಂಕಿನ ಲೆಕ್ಕದಲ್ಲಿ ಗಾಡಿ ಚರಾಸ್ತಿ, ಮನೆ ಸ್ಥಿರಾಸ್ತಿ. ಗಾಡಿಯೇ ಮನೆಯಾದರೆ? ಪುಣೆಯ ನಮ್ಮ ಸೊಸೈಟಿಯ ಕನ್ನಡಿಗರೊಬ್ಬರು ಹಳೇ ಡೀಸೆಲ್ ವ್ಯಾನಿಗೆ ಪ್ಲೈವುಡ್ ಮಂಚ, ನೀರಿನ ಕ್ಯಾನು, ಒಲೆ ಕೂಡಿಸಿ ಊರೂರು ತಿರುಗಲು ಹೊರಟಿದ್ದಾರೆ. ಗಾಡಿಯ ಸ್ವರೂಪ ಬದಲಿಸಲು ಆರ್‌ಟಿಓ ಒಪ್ಪಿಗೆ ಬೇಕು; 15 ವರ್ಷ ದಾಟಿದ್ದರೆ ನೋಂದಣಿ ನವೀಕರಣವೂ ಆಗಬೇಕು. ಅದು ಕಾನೂನಾಯ್ತು. ಧರ್ಮ?

ಇದ್ದುದನ್ನೇ ಬಳಸುವುದು ಮಿತವ್ಯಯ, ನಿಜ. ಆದರೆ ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಸಾರಿದೆ. ಉಳಿತಾಯ ನಮ್ಮ ಖಾತೆಗೆ, ಹೊಗೆ ದಾರಿಯ ಹಳ್ಳಿಯವರ ಖಾತೆಗೆ ಅಂದ್ರೆ ಹೇಗೆ?

"ಡೀಸೆಲ್ ಪಂಪು ಸರಿಮಾಡಿಸಿ, ಎಮಿಷನ್ ಟೆಸ್ಟ್ ತಪ್ಪಿಸಬೇಡಿ. ಓಡಿಸುವುದು ಕಡಿಮೆ, ತಂಗುವುದು ಹೆಚ್ಚು ಇರಲಿ" ಎಂದೆ.

"ಹಾಗಾದ್ರೆ ಮನೇಲಿದ್ದ ಹಾಗೇ ಆಯ್ತಲ್ಲ ರಾಯರೇ!" ಅಂತ ನಕ್ಕರು.

ಹೌದು. ತಂಗಿದ ಊರಿಗೆ ಭಾರವಾಗದೆ ಬಾಳುವುದನ್ನೇ ಅಲ್ಲವೇ, ಪರಊರು ನಮಗೆ ಕಲಿಸಿದ್ದು?